ಹೊತ್ತು ಮುಳುಗುವ ಮೊದಲೊಂದು, ಆಮೇಲೊಂದು

ನಮ್ಮ ಚಿಕ್ಕೋಡಿ ಕಡೆ ಯಾರಾದರೂ ಹೊಟ್ಟೆ ಸರಿಯಿಲ್ಲ ಎಂದರೆ ಮೊದಲು ಊಟದ ತಾಟು ಹಾಕುತ್ತಾರೆ, ಏನಾಗಿದೆ ಎಂದು ಆಮೇಲೆ ಕೇಳುತ್ತಾರೆ. ಇಂಥ ಊರಲ್ಲಿ ಇಂಥವು ಆಗದೆ ಇನ್ನೇನಾಗಬೇಕು?

ಎಂಬತ್ತರ ದಶಕದ ಕೊನೆಯಲ್ಲಿ ಇಲ್ಲಿಯ ಹೈಸ್ಕೂಲಿಗೆ ಹೊಸ ಮಾಸ್ತರನಾಗಿ ಬಂದಿದ್ದೆ. ವಯಸ್ಸು ಇಪ್ಪತ್ತೈದು, ಹೊಟ್ಟೆ ಮಾತ್ರ ಅರವತ್ತೈದರದು. ಬೆಳಗೆದ್ದರೆ ಉಬ್ಬರ, ಹುಳಿತೇಗು, ಮೈಯಲ್ಲಿ ಕಸುವೇ ಇಲ್ಲ. ಆಗಷ್ಟೇ ಅಥಣಿಯ ಹುಡುಗಿಯೊಬ್ಬಳನ್ನು ನೋಡಿ, ಮನಸ್ಸು ಅಲ್ಲೇ ಬಿಟ್ಟು ಬಂದಿದ್ದೆ. 'ವರಗ ಹೊಟ್ಟಿಬ್ಯಾನಿ ಐತಂತ' ಎಂಬ ಸುದ್ದಿ ಆ ಮನೆಗೆ ಮುಟ್ಟಿದರೆ ಮುಗಿಯಿತು ಎಂದು ಒಳಗೊಳಗೇ ಅಂಜುತ್ತಿದ್ದೆ.

೧. ಆಯಿಯ ತಾಟು

ನಾನು ಬಾಡಿಗೆಗಿದ್ದದ್ದು ಜೈನರ ಮನೆಯಲ್ಲಿ. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಉಣ್ಣುವುದಿಲ್ಲ. ನಾನು ಶಾಲೆ ಬಿಟ್ಟು ಬರುವುದಕ್ಕೂ ಮನೆಯ ಹಿರಿಯಾಕೆ ಆಯಿ ಪಡಸಾಲೆಯಲ್ಲಿ ತಾಟು ಇಡುವುದಕ್ಕೂ ಸರಿಹೋಗುತ್ತಿತ್ತು. ಬಿಸಿ ಜೋಳದ ಭಕ್ಕರಿ, ಹೆಸರುಕಾಳಿನ ಪಲ್ಯ, ಮೇಲಷ್ಟು ತುಪ್ಪ. ಬೇಡವೆಂದರೆ, "ಹೊತ್ತ ಮುಳುಗಾಕತ್ತೈತಿ, ಮಾತಾಡಬ್ಯಾಡ, ಉಣ್ಣು" ಎನ್ನುತ್ತಿದ್ದಳು. ಸೂರ್ಯನನ್ನೇ ಮುಂದಿಟ್ಟುಕೊಂಡು ಅವಸರ ಮಾಡುವವರೊಡನೆ ವಾದಿಸುವುದು ಹೇಗೆ? ಉಣ್ಣುತ್ತಿದ್ದೆ. ಬೆಳಕಿದ್ದಾಗ ಉಂಡದ್ದು ರಾತ್ರಿಯ ಊಟ ಹೇಗಾದೀತು ಎಂದು ಅದನ್ನು ನಾಷ್ಟಾ ಎಂದೇ ತಿಳಿದಿದ್ದೆ.

೨. ಮಾವಶಿಯ ಕರುಳು

ನನ್ನ ಪ್ರಕಾರ ನಿಜವಾದ ಊಟ ರಾತ್ರಿ ಒಂಬತ್ತಕ್ಕೆ, ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ. ಅದನ್ನು ನಡೆಸುವಾಕೆಯನ್ನು ಊರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಒಂದು ದಿನ ತಪ್ಪಿಸಿದರೂ ಡಬ್ಬಿ ಕಟ್ಟಿಕೊಂಡು ಮನೆಗೇ ಬರುತ್ತೇನೆ ಎನ್ನುತ್ತಿದ್ದಳು. ಕತ್ತಲಾದ ಮೇಲೆ, ಆ ಮನೆಯಲ್ಲಿ ಯಾರೂ ಮುಟ್ಟದ ಉಳ್ಳಾಗಡ್ಡಿ ಬಳ್ಳೊಳ್ಳಿಯ ವಾಸನೆಯ ಡಬ್ಬಿ ಆಯಿಯ ಹೊಸಿಲು ದಾಟಿದರೆ ನನ್ನ ಗತಿಯೇನು? ನಾನೇ ಹೋಗುತ್ತಿದ್ದೆ. ಎರಡನೆಯ ಭಕ್ಕರಿಗೆ ಕೈ ನಿಧಾನವಾದರೆ ಮಾವಶಿಗೆ ಕರುಳು ಚುರ್ ಎನ್ನುತ್ತಿತ್ತು. ಪಾಪ, ಕೇಳುವವರಿಲ್ಲದ ಹುಡುಗ, ಹೊಟ್ಟೆ ಬತ್ತಿಹೋಗಿದೆ ಎಂದು ಮೂರನೆಯದನ್ನು ಬಡಿಯುತ್ತಿದ್ದಳು. ಆ ಬತ್ತಿದ ಹೊಟ್ಟೆಗೆ ಪ್ಯಾಂಟಿನ ಗುಂಡಿ ಹಾಕಲು ಬರುತ್ತಿರಲಿಲ್ಲ.

೩. ಟಾನಿಕ್

ಗಣಿತದ ಮಾಸ್ತರರು ಜಂತುಹುಳ ಎಂದರು. ಮರಾಠಿ ಕಲಿಸುವವರು ಕಾಮಾಲೆ ಎಂದರು. ಹೆಡ್‌ಮಾಸ್ತರರು ಸೋಮಾರಿತನ ಎಂದರು. ಕೊನೆಗೆ ಡಾಕ್ಟರ ಹತ್ತಿರ ಹೋದೆ. ಅವರು ನಾಲಿಗೆ ನೋಡಿ, ಹೊಟ್ಟೆ ಒತ್ತಿ, ರಕ್ತ ತೆಗೆಸಿದರು. ಎಲ್ಲ ಸರಿಯಿತ್ತು. ದಿನಕ್ಕೆ ಎಷ್ಟು ಊಟ ಎಂದು ಕೇಳಿದರು. ಮಧ್ಯಾಹ್ನ ಒಂದು, ರಾತ್ರಿ ಒಂದು ಎಂದೆ. ಎಳೆ ಹುಡುಗರಿಗೆ ಇದು ಸಾಲದು ಎಂದು ಟಾನಿಕ್ ಬರೆದುಕೊಟ್ಟರು. ಔಷಧ ಒಳ್ಳೆಯದೇ, ಬೇಗ ಗುಣ ತೋರಿಸಿತು. ಅದು ಹಸಿವೆ ಹೆಚ್ಚು ಮಾಡುವ ಟಾನಿಕ್.

೪. ವಿಚಾರಣೆ

ಅಂಜಿದ್ದೇ ಆಯಿತು. ಸುದ್ದಿ ಅಥಣಿ ಮುಟ್ಟಿತು. ಹುಡುಗಿಯ ತಂದೆ ಒಂದು ಸಂಜೆ ಹೇಳದೆ ಕೇಳದೆ ಬಂದು ಆಯಿಯನ್ನೇ ವಿಚಾರಿಸಿದರು. ಆಯಿ ಆಕಾಶ ನೋಡಿ ಮೊದಲು ತಾಟು ಹಾಕಿದಳು. ಅವರು ಬೇಡವೆಂದರು. ಆಯಿ ಸೂರ್ಯನನ್ನು ತೋರಿಸಿದಳು. ಅವರು ಉಂಡರು. ಹುಡುಗ ದಿನಾ ನಮ್ಮಲ್ಲೇ ಉಣ್ಣುತ್ತಾನೆ, ಒಳ್ಳೆಯವನು ಎಂದು ಆಯಿ ಸಾಕ್ಷಿ ನುಡಿದಳು.

ನಾನು ಖಾನಾವಳಿಯಲ್ಲಿ ಉಣ್ಣುವುದಾಗಿ ಹುಡುಗಿ ನೋಡಲು ಹೋದಾಗ ಅವರಿಗೆ ಹೇಳಿದ್ದೆ. ಅವರಿಗೆ ಸಂಶಯ ಬಂದು ಮಾವಶಿಯ ಹತ್ತಿರವೂ ನಡೆದರು. ಮಾಸ್ತರರು ತನ್ನ ಭಕ್ಕರಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದಳು ಮಾವಶಿ. ಬೀಗರಾಗುವವರನ್ನು ಬರಿಹೊಟ್ಟೆಯಲ್ಲಿ ಕಳಿಸುವಾಕೆ ಅವಳಲ್ಲ, ಮೂರು ಭಕ್ಕರಿ ಬಡಿದು ಉಣಿಸಿದಳು. ಅಷ್ಟರಲ್ಲಿ ಅಥಣಿಯ ಕೊನೆಯ ಬಸ್ಸೂ ಹೋಗಿತ್ತು. ನನ್ನ ಕೋಣೆಯಲ್ಲೇ ಮಲಗಿದರು.

ಬೆಳಗ್ಗೆ ಇಬ್ಬರೂ ಒಂದೇ ಮಂಚದ ಮೇಲೆ ಕೂತು ಸರದಿಯಂತೆ ತೇಗಿದೆವು. ಅವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಬಾಯಿ ಬಿಟ್ಟರು.

"ಮಾಸ್ತರ, ನಿಮಗ ಬ್ಯಾನಿ ಏನೂ ಇಲ್ರಿ. ಲಗ್ನಾ ಮಾಡೂಣು. ಆದ್ರ ಜಲ್ದಿ ಮಾಡೂಣು. ಇನ್ನೊಂದ್ ಮಳಿಗಾಲ ಈ ಊರಾಗ ಉಂಡ್ರ ನೀವು ಉಳ್ಯೂದಿಲ್ಲ."