ನಲವತ್ತೆಂಟು ನಿಮಿಷದ ದೀಪ

ಆವತ್ತಿನ ಬೆಳಗೂ ಎಂದಿನಂತೆಯೇ ಶುರುವಾಯಿತು. ನಲ್ಲಿಗೆ ಬಿಳಿ ಬಟ್ಟೆ ಕಟ್ಟಿ ನೀರು ಸೋಸಿದೆ, ಹಾಲು ಕಾಸಿದೆ, ನಮ್ಮವರಿಗೆ ಡಬ್ಬಿ ಕಟ್ಟಿದೆ, ಆಮೇಲೆ ಅತ್ತೆಯವರ ಬೆನ್ನ ಹಿಂದೆ ನಿಂತು ಅವರ ಕುಪ್ಪಸದ ತೋಳು ನಿನ್ನೆಗಿಂತ ಸಡಿಲವಾಗಿದೆಯೇ ಎಂದು ಕದ್ದು ನೋಡಿದೆ. ಈ ಕೊನೆಯದು ಮಾತ್ರ ಒಂದೂವರೆ ತಿಂಗಳಿಂದ ಸೇರಿಕೊಂಡ ಕೆಲಸ. ತೋಳು ಸಡಿಲವಾಗುತ್ತಲೇ ಇತ್ತು. ಅದಕ್ಕೆ ಕಾರಣ ನಾನೇ ಎಂದು ಮೊದಲೇ ಹೇಳಿಬಿಡುತ್ತೇನೆ. ಮಿರಜಿನ ಕಾನ್ವೆಂಟಿನಲ್ಲಿ ಓದಿದವಳಿಗೆ ತಪ್ಪೊಪ್ಪಿಕೊಳ್ಳುವುದು ಸಲೀಸು. ಒಪ್ಪಿಕೊಂಡ ಮೇಲೆ ಏನು ಮಾಡಬೇಕೆಂದು ಸಿಸ್ಟರ್ ಹೇಳಿಕೊಟ್ಟ ನೆನಪು ಮಾತ್ರ ನನಗಿಲ್ಲ.

ವಿಶ್ರಾಮಬಾಗದ ನಮ್ಮದು ಜೈನರ ಮನೆ. ಸೂರ್ಯ ಮುಳುಗುವುದಕ್ಕೆ ಎರಡು ಘಳಿಗೆ, ಅಂದರೆ ನಲವತ್ತೆಂಟು ನಿಮಿಷ ಮೊದಲೇ ಅತ್ತೆಯವರ ಸಂಜೆಯ ಊಟ ಮುಗಿಯಬೇಕು. ಆಮೇಲೆ ಗುಟುಕು ನೀರೂ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ನನಗೂ ಅದೇ ನೇಮ. ಮೊದಲೆಲ್ಲ ಅವರು ಮಾಳಿಗೆಯ ಗಚ್ಚಿ ಹತ್ತಿ, ಮಿರಜಿಗೆ ಬೆನ್ನು ಮಾಡಿ ಸಾಂಗ್ಲಿಯ ಕಡೆಗೊಮ್ಮೆ ನೋಡಿದರೆ ಸಾಕಿತ್ತು, ಇನ್ನೆಷ್ಟು ಹೊತ್ತಿದೆ ಎಂದು ತಿಳಿಯುತ್ತಿತ್ತು. ಈಗ ಕಣ್ಣಿನಲ್ಲಿ ಪೊರೆ, ಆಕಾಶದಲ್ಲಿ ಮೋಡ. ಗಡಿಯಾರದ ಮುಳ್ಳು ಕಾಣುವುದಿಲ್ಲ. ಹಾಗಾಗಿ ಪ್ರತಿ ಸಂಜೆ ನನ್ನನ್ನೇ ಕೇಳುತ್ತಿದ್ದರು.

ಒಂದು ದಿನ ಜೋಳದ ಅರ್ಧ ಭಕ್ಕರಿ ಮುಗಿಸಿ, ಇನ್ನೂ ಹೊತ್ತಿದೆಯೇ ಎಂದು ಕೇಳಿದರು. ಹೊತ್ತು ಮೀರಿ ಹತ್ತು ನಿಮಿಷವಾಗಿತ್ತು. ಆದರೆ ಹಂಚಿನ ಮೇಲೆ ಭಕ್ಕರಿ ಉಬ್ಬಿ ನಿಂತಿತ್ತು, ಅವರ ಮಣಿಕಟ್ಟು ಕಡ್ಡಿಯಂತೆ ಕಾಣುತ್ತಿತ್ತು. ಬೇಕಾದಷ್ಟು ಹೊತ್ತಿದೆ ಎಂದುಬಿಟ್ಟೆ. ಅವರು ಹೊಸ ಭಕ್ಕರಿಯ ಎರಡನೆಯ ತುತ್ತು ಎತ್ತಿದಾಗಲೇ ನಮ್ಮವರು ಪೇಟೆಯಿಂದ ಬಂದವರು, ಆರೂವರೆಯಾದರೂ ಇನ್ನೂ ಊಟ ನಡೆದಿದೆಯಲ್ಲ ಎಂದು ಬಾಗಿಲಲ್ಲೇ ನಿಂತು ಸಹಜವಾಗಿ ಕೇಳಿದರು. ಅತ್ತೆ ತುತ್ತನ್ನು ತಟ್ಟೆಗಿಳಿಸಿ ಎದ್ದರು. ಮರುದಿನ ಪೂರ್ತಿ ಉಪವಾಸ ಮಾಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂದಿನಿಂದ ಅವರು ಯಾರನ್ನೂ ಕೇಳುತ್ತಿರಲಿಲ್ಲ. ಮೋಡ ಕವಿದು ಕೋಣೆ ಮಬ್ಬಾದರೆ ನಾಲ್ಕೂವರೆಗೇ ಕೈ ತೊಳೆದುಬಿಡುತ್ತಿದ್ದರು. ಮಳೆಗಾಲದಲ್ಲಿ ಮೋಡ ಕವಿಯದ ದಿನ ಯಾವುದು?

ಮನುಷ್ಯರ ಮೇಲಿನ ನಂಬಿಕೆ ಹೋದ ಮನೆಗೆ ಯಂತ್ರ ಬಂತು. ನಮ್ಮವರದು ಸಾಂಗ್ಲಿಯಲ್ಲಿ ಅರಿಸಿನದ ವ್ಯಾಪಾರ. ದುಡ್ಡು ಕೊಟ್ಟ ವಸ್ತುವಿಗೇ ಮರ್ಯಾದೆ ಎನ್ನುವ ಜಾತಿ. ಮೊಬೈಲಿನಿಂದಲೇ ಮನೆಯ ದೀಪ ಹತ್ತಿಸುವ ಒಂದು ಸಾಫ್ಟ್‌ವೇರ್ ತಂದರು. ಒಂದು ತಿಂಗಳು ಪರೀಕ್ಷೆಗೆ, ಆಮೇಲೆ ವರ್ಷ ವರ್ಷ ಹಣ. ಅಡುಗೆಮನೆಯಲ್ಲಿ ಹಳದಿ ಬಲ್ಬೊಂದನ್ನು ಹಾಕಿಸಿದೆವು. ಅದು ಹತ್ತಿದರೆ ಊಟ ನಿಲ್ಲಿಸುವುದು. ತೊಂದರೆ ಒಂದೇ: ಸೂರ್ಯಾಸ್ತಕ್ಕೆ ಮೂವತ್ತು ನಿಮಿಷ ಮೊದಲು, ಇಲ್ಲವೇ ಅರವತ್ತು ನಿಮಿಷ ಮೊದಲು, ಈ ಎರಡನ್ನು ಬಿಟ್ಟರೆ ಬೇರೆ ಲೆಕ್ಕ ಅದಕ್ಕೆ ಗೊತ್ತಿಲ್ಲ. ಮೂವತ್ತೆಂದರೆ ವ್ರತಭಂಗ. ಅರವತ್ತೆಂದರೆ ಹನ್ನೆರಡು ನಿಮಿಷ ನಷ್ಟ. ಹಲ್ಲು ಕಡಿಮೆಯಿದ್ದವರಿಗೆ ಅರ್ಧ ಭಕ್ಕರಿ ತಿನ್ನಲು ಸರಿಯಾಗಿ ಹನ್ನೆರಡು ನಿಮಿಷ ಬೇಕು, ನಾನು ಎಣಿಸಿದ್ದೇನೆ. ಕಂಪನಿಗೆ ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ, ಸಿಸ್ಟರ್ ಮೆಚ್ಚುವಂಥ ಅಂಚು ಬಿಟ್ಟು, ಘಳಿಗೆ ಎಂದರೇನೆಂದು ವಿವರಿಸಿ ಎರಡು ಪುಟದ ಪತ್ರ ಬರೆದೆ. ಬರೆದದ್ದಕ್ಕೆ ಧನ್ಯವಾದ, ಇಂಟರ್‌ನೆಟ್ಟಿನ ಡಬ್ಬಿಯನ್ನು ಒಮ್ಮೆ ಆರಿಸಿ ಹಾಕಿ ಎಂದು ಉತ್ತರ ಬಂತು. ಆರಿಸಿ ಹಾಕಿದೆ ಕೂಡ. ವಿಧೇಯತೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಆಗ ಬಂದವನು ನನ್ನ ಮೈದುನ. ಕಸಬೆ ಡಿಗ್ರಜದಲ್ಲಿ ಕಬ್ಬು ಬೆಳೆಯುತ್ತಾನೆ, ಬಾವಿಯ ಮೋಟಾರನ್ನು ಯಾವುದೋ ಪುಕ್ಕಟೆ ಸಾಫ್ಟ್‌ವೇರಿನಿಂದ ನಡೆಸುತ್ತಾನೆ. ಆ ವಾರದ ಭಾನುವಾರ ಹಳೆಯ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದು ಅರ್ಧ ದಿನ ಕುಳಿತ. ನಡುವೆ ಹಾಲಿನ ಫ್ಯಾನು ಎರಡು ಸಲ ನಿಂತಿತು, ಒಮ್ಮೆ ಮಿಕ್ಸರು ಯಾರೂ ಮುಟ್ಟದೆ ತಿರುಗಿ ಕೆಲಸದವಳು ದೇವರ ಹೆಸರು ಹೇಳಿದಳು. ಕೊನೆಗೆ ಅವನು ನಲವತ್ತೆಂಟು ಎಂದು ಒತ್ತಿದ. ಅದು ಚಕಾರವೆತ್ತದೆ ಒಪ್ಪಿಕೊಂಡಿತು. ಕೆಟ್ಟರೆ ಯಾರಿಗೆ ಫೋನ್ ಮಾಡುವುದು ಎಂದು ನಮ್ಮವರು ಕೇಳಿದರು. ನನಗೇ ಮಾಡು ಎಂದ. ನೀನು ಯಾವತ್ತು ಫೋನ್ ಎತ್ತಿದ್ದೀ ಎಂದರು ಅಣ್ಣ. ಅಣ್ಣತಮ್ಮಂದಿರ ಮಾತು ಹಳೆಯ ದಾರಿ ಹಿಡಿಯಿತು. ಹೊರಡುವಾಗ ಮೈದುನ ಲ್ಯಾಪ್‌ಟಾಪನ್ನು ಇಲ್ಲೇ ಬಿಟ್ಟು, ಪಾಸ್‌ವರ್ಡ್ ಬರೆದ ಚೀಟಿ ನನಗೆ ಕೊಟ್ಟು, "ವೈನಿ, ಈ ನಂಬರ ಇನ್ನ ನಿಮ್ಮ ಕೈಯಾಗ. ಬೇಕಾದಷ್ಟ ಮಾಡ್ಕೊಳ್ರಿ," ಅಂದ.

ಅಲ್ಲಿಗೆ ನನ್ನ ನಿದ್ದೆ ಹೋಯಿತು. ದುಡ್ಡಿನ ಸಾಫ್ಟ್‌ವೇರ್ ಮೊಂಡು, ಆದರೆ ಅದನ್ನು ನಾನು ಬಾಗಿಸಲಾರೆ. ಇದು ಹೇಳಿದ ಹಾಗೆ ಕೇಳುತ್ತದೆ. ನಲವತ್ತೆಂಟನ್ನು ನಲವತ್ತು ಮಾಡಿದರೆ ಅವರ ತಟ್ಟೆಗೆ ಇನ್ನೊಂದು ಚೂರು ಬೀಳುತ್ತದೆ ಎಂದು ನನ್ನ ತಲೆ ಚೀಟಿ ಕೈಗೆ ಬಂದ ಕ್ಷಣವೇ ಲೆಕ್ಕ ಹಾಕಿತ್ತು. ಬಾಯಿಂದ ಒಂದು ಸಲ ಸುಳ್ಳು ಹೇಳಿ ಇಷ್ಟು ಅನುಭವಿಸಿದವಳು ಇನ್ನು ದೀಪದ ಕೈಲಿ ದಿನಾ ಹೇಳಿಸಬಹುದು. ಮೂರು ದಿನ ಹಾಗೇ ಕಳೆದೆ. ಬಲ್ಬು ಕಂಪನಿಯ ಅರವತ್ತಕ್ಕೇ ಹತ್ತುತ್ತಿತ್ತು, ಅತ್ತೆ ಅದಕ್ಕೂ ಕಾಯದೆ ಮೋಡ ಕವಿದರೆ ಎದ್ದುಬಿಡುತ್ತಿದ್ದರು.

ಆವತ್ತು ಪರೀಕ್ಷೆಯ ತಿಂಗಳ ಕೊನೆಯ ದಿನ. ಹಣ ತುಂಬಲೇ ಎಂದು ನಮ್ಮವರು ಮಧ್ಯಾಹ್ನ ಎರಡು ಸಲ ಫೋನ್ ಮಾಡಿದರು. ಸಂಜೆ ಹೇಳುತ್ತೇನೆಂದೆ. ಐದು ಗಂಟೆಗೆ ಅತ್ತೆಯವರ ಎದುರು ಕುಳಿತು, ಮೆಂತ್ಯ ಸೊಪ್ಪು ಸೋಸುತ್ತಾ ಎರಡೂ ಸಾಫ್ಟ್‌ವೇರುಗಳ ಕಥೆಯನ್ನು ಹೇಳಿದೆ. ಅವರು ಕೇಳಿದ್ದು ಒಂದೇ, ಈ ಪುಕ್ಕಟೆಯದರ ಹೊತ್ತು ಯಾರ ಕೈಯಲ್ಲಿದೆ ಎಂದು.

"ನನ್ನ ಕೈಯಾಗ ಐತ್ರಿ ಅತ್ತಿ," ಅಂದೆ. "ನಾ ಮನಸ್ಸ ಮಾಡಿದ್ರ ನಿಮಗ ಗೊತ್ತಾಗದಂಗ ಬದಲಿ ಮಾಡಬಹುದು."

ಅವರು ಒಂದು ದಂಟನ್ನು ಬೆರಳಿನಿಂದ ಸವರಿ, ಬಲಿತದ್ದೆಂದು ಪಕ್ಕಕ್ಕಿಟ್ಟರು.

"ಕಂಪನಿಯವರದು ತಪ್ಪಿದ್ರ ಅವರು ಮರುದಿನ ಉಪಾಸ ಇರ್ತಾರೇನು?"

ಇರಲಾರರು ಎಂದೆ.

"ನೀ ಇದ್ದಿ. ಕಣ್ಣ ಮಂಜಾಗ್ಯಾವ, ಕಿವಿ ಚೊಲೋ ಅದಾವ. ಅವತ್ತ ನಿನ್ನ ತಾಟಿನ ಸಪ್ಪಳ ಬರಲಿಲ್ಲ. ನಿಂದೇ ಹಚ್ಚು."

ಸೊಪ್ಪಿನ ಮೇಲೆ ತಲೆ ಬಗ್ಗಿಸಿ ಸ್ವಲ್ಪ ಹೊತ್ತು ಇಲ್ಲದ ಹುಳ ಹುಡುಕಿದೆ. ಆಮೇಲೆ ಎದ್ದು, ಹಣ ತುಂಬಬೇಡಿ ಎಂದು ನಮ್ಮವರಿಗೆ ತಿಳಿಸಿ, ಬಲ್ಬನ್ನು ಲ್ಯಾಪ್‌ಟಾಪಿಗೆ ಒಪ್ಪಿಸಿದೆ. ನಲವತ್ತೆಂಟನ್ನು ಮೂರು ಸಲ ಓದಿಕೊಂಡೆ, ಮುಟ್ಟಲಿಲ್ಲ.

ಅತ್ತೆ ನಿಧಾನವಾಗಿ ಉಂಡರು. ಹೊರಗೆ ಮೋಡ ಕವಿದು ಕೋಣೆ ಮಬ್ಬಾಯಿತು. ಅವರು ತಲೆ ಎತ್ತಲಿಲ್ಲ. ಒಂದು ಭಕ್ಕರಿ ಮುಗಿಸಿ ಇನ್ನರ್ಧ ಕೇಳಿದರು, ಮೇಲೆ ಮಜ್ಜಿಗೆ ಕೇಳಿದರು. ನಾನು ಹಂಚಿನ ಪಕ್ಕ ನಿಂತು ಒಂದು ಕಣ್ಣು ಬಲ್ಬಿನ ಮೇಲೆ, ಒಂದು ಕಣ್ಣು ತಟ್ಟೆಯ ಮೇಲೆ ಇಟ್ಟಿದ್ದೆ. ಅವರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತಿಗೆ ದೀಪ ಹತ್ತಿತು. ಆ ಹಳದಿ ಬೆಳಕು ಅವರಿಗೂ ಕಂಡಿತು; ತಲೆಯಾಡಿಸಿ ಕೈ ತೊಳೆಯಲು ಎದ್ದರು.

ಸೂರ್ಯನನ್ನು ನಾನೇ ಸಂಬಳ ಕೊಟ್ಟು ಇಟ್ಟುಕೊಂಡಂಥ ಠೀವಿಯಲ್ಲಿ ಹಿತ್ತಲಿಗೆ ಬಂದೆ. ಮಳೆ ಬಂದೀತೆಂದು ಪಕ್ಕದ ಮನೆಯ ಗೌರಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಗೋಡೆಗೆ ಆತು ನಿಂತು ಅವಳಿಗೆ ಎಲ್ಲ ಹೇಳಿದೆ: ಮೂವತ್ತು, ಅರವತ್ತು, ನಲವತ್ತೆಂಟು, ಪಾಸ್‌ವರ್ಡು, ಒಂದೂವರೆ ಭಕ್ಕರಿ. ಅವಳು ದಿಂಬಿನ ಗವಸು ಮಡಚುತ್ತಾ ಹೂಂಗುಟ್ಟಿದಳು. ನನ್ನ ಭುಜದ ಮೇಲಿಂದ ಅಡುಗೆಮನೆಯಲ್ಲಿ ಉರಿಯುತ್ತಿದ್ದ ದೀಪವನ್ನು ಒಮ್ಮೆ ನೋಡಿದಳು.

"ಚೊಲೋ ಆತ ಬಿಡ್ರಿ ವಿಜಯಕ್ಕಾ, ಅತ್ತ್ಯಾರದು ಹೊತ್ತಿಗೆ ಸರಿಯಾಗಿ ಆತು," ಅಂದಳು. "ದೀಪ ಹತ್ತೂದ್ರಾಗ ನಿಮ್ಮದು ಊಟ ಆಗಿತ್ತೇನು?"