ಸ್ಟ್ರೆಂತ್ ಹೆಚ್ಚಾಗಿದೆ, ಮೇಡಂ

ಬೇರೆಯವರನ್ನು ಉದ್ಧಾರ ಮಾಡಲು ಸಂಬಳ ಪಡೆಯುವವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ದಿನಾ ಬೆಳಿಗ್ಗೆ ಬಸ್ಸಿಳಿದು ಬಂದು, ಹಾಜರಿ ಹೇಳಿ, ಮುಂದಿನ ಬೆಂಚಿನಲ್ಲೇ ಕೂರುತ್ತದೆ.

ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಪಂಕ್ಚರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ತರಬೇತಿ ಕೇಂದ್ರ. ವಾರದಲ್ಲಿ ಎರಡು ದಿನ ಸೊರಬದಲ್ಲೂ ತರಗತಿ. ಓದನ್ನು ಅರ್ಧಕ್ಕೆ ಬಿಟ್ಟ, ಕೂಲಿ ಮಾಡುವ ಮನೆಗಳ ಹುಡುಗ ಹುಡುಗಿಯರಿಗೆ ಕೆಲಸಕ್ಕೆ ಬೇಕಾದ ನಡೆನುಡಿ ಕಲಿಸಿ ಎಲ್ಲಾದರೂ ಸೇರಿಸುವುದು ನನ್ನ ಉದ್ಯೋಗ. ಕಾಗದದ ಮೇಲೆ ಇದಕ್ಕೆ ‘ಅವಕಾಶವಂಚಿತ ಯುವಜನರನ್ನು ಸಾಮಾಜಿಕ ಮತ್ತು ಆರ್ಥಿಕ ಮುಖ್ಯವಾಹಿನಿಗೆ ತರುವುದು’ ಎನ್ನುತ್ತಾರೆ. ಈ ಮುಖ್ಯವಾಹಿನಿಯ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾಗಿದ್ದೇನೆ. ಅದು ಎಲ್ಲಿ ಹರಿಯುತ್ತದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಸೊರಬದಲ್ಲಿ ಕೇಳಿದರು.

ಯಾವ ಹೊಳೆ?

ಹೊಸ ತಂಡ ಶುರುವಾಗುವ ದಿನ ಮನೆಯವರನ್ನು ಕರೆದು ಮಾತಾಡಿಸುವ ಪದ್ಧತಿ. ನಾನು ಎದ್ದು ನಿಂತು, ‘ನಿಮ್ಮ ಮಕ್ಕಳನ್ನು ಮುಖ್ಯವಾಹಿನಿಗೆ ತರುತ್ತೇವೆ’ ಎಂದೆ. ಹಿಂದೆ ಕೂತಿದ್ದ, ಜಡೆ ಎಂಬ ಊರಿನ ಅಜ್ಜಿಯೊಬ್ಬರು ಕೈ ಎತ್ತಿದರು.

“ಅದು ಯಾವ ಹೊಳೆ ಮೇಡಮ್ಮೋರೆ? ನಮ್ಮ ದಂಡಾವತಿನಾ, ಶಿಕಾರಿಪುರದ ಕುಮುದ್ವತಿನಾ?”

“ಹೊಳೆ ಅಲ್ಲ ಅಜ್ಜಿ. ಅದು ಒಂದು ಮಾತು.”

“ಹೊಳೆ ಅಲ್ದಿದ್ರೆ ಸೈ. ನಮ್ಮ ಮೊಮ್ಮಗಳಿಗೆ ಈಜು ಬರಲ್ಲ.”

ಆ ಮೊಮ್ಮಗಳು ಪಕ್ಕದಲ್ಲೇ ಇದ್ದಳು. ಪಿಯುಸಿಯಲ್ಲಿ ಒಂದು ವಿಷಯ ಉಳಿಸಿಕೊಂಡು ಮನೆಯಲ್ಲಿದ್ದವಳು. ಅಪ್ಪ ಅಮ್ಮ ದೂರದ ತೋಟವೊಂದರಲ್ಲಿ ಕೆಲಸಕ್ಕಿದ್ದರು, ಇವಳು ಬೆಳೆದದ್ದೆಲ್ಲ ಅಜ್ಜಿಯ ಜೊತೆ. ಮನೆಯ ಯಜಮಾನಿಕೆ ಸೋದರಮಾವನದು. ಗಾರೆ ಕೆಲಸದ ಮನುಷ್ಯ, ಒಳ್ಳೆಯವನೇ. ಸಭೆ ಮುಗಿದ ಮೇಲೆ ನನ್ನನ್ನು ಬಾಗಿಲ ಹತ್ತಿರ ಕರೆದು ಹೇಳಿದ: “ನೋಡ್ರಿ ಮೇಡಂ, ಒಂದು ಗಂಡು ನೋಡಿಟ್ಟೀನಿ. ಇವಳು ಕೆಲಸ ಮಾಡ್ತೀನಿ ಅಂತ ಹಟ ಹಿಡಿದಾಳೆ. ಕೆಲಸ ಗಟ್ಟಿ ಆದ್ರೆ ನಾನು ಮದುವೆ ಮಾತು ಎತ್ತಲ್ಲ. ಆಗ್ಲಿಲ್ಲ ಅಂದ್ರೆ ಬಂದು ಕರ್ಕೊಂಡು ಹೋಗ್ತೀನಿ. ಆಮೇಲೆ ನೀವು ಮಧ್ಯ ಬರಬಾರದು.”

ನಾನು ಒಪ್ಪಿದೆ. ಒಪ್ಪದೆ ಬೇರೆ ದಾರಿ ಇರಲಿಲ್ಲ. ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ಅಜ್ಜಿ ಮಾತ್ರ ಇನ್ನೂ ಹೊಳೆಯಲ್ಲೇ ಇದ್ದರು. “ಅಲ್ಲ ಮಾರಾಯ, ಎಲ್ರನ್ನೂ ಅದಕ್ಕೆ ತರ್ತೀನಿ ಅಂದ್ರಲ್ಲ, ಅದರಲ್ಲಿ ನೀರು ಇಲ್ವಾ?” ಎಂದು ಮಗನನ್ನು ಕೇಳಿದರು.

“ನೀರಿನ ಹೊಳೆ ಅಲ್ಲಮ್ಮ, ಬರೀ ಮಾತಿನ ಹೊಳೆ” ಎಂದ ಮಾವ.

ಇಷ್ಟು ನಿಖರವಾದ ವ್ಯಾಖ್ಯೆಯನ್ನು ನಮ್ಮ ಪ್ರೊಫೆಸರು ಎರಡು ವರ್ಷದಲ್ಲಿ ಒಮ್ಮೆಯೂ ಕೊಟ್ಟಿರಲಿಲ್ಲ.

ವೀಕ್‌ನೆಸ್

ಮೇಲಿನ ಕಚೇರಿಯವರು ಅಣಕು ಸಂದರ್ಶನಕ್ಕೆಂದು ಕೆಲವು ಪ್ರಶ್ನೆ ಕಳಿಸಿದ್ದಾರೆ. ಮೊದಲನೆಯದು, ‘ನಿಮ್ಮ ಬಗ್ಗೆ ಹೇಳಿ’. ಕ್ಯಾಸನೂರಿನ ಯುವಕನನ್ನು ಕೇಳಿದೆ.

“ನಮ್ಮೂರು ಕ್ಯಾಸನೂರು ಮೇಡಂ. ಪ್ರಪಂಚದ ದೊಡ್ಡ ದೊಡ್ಡ ಡಾಕ್ಟ್ರಿಗೆಲ್ಲ ನಮ್ಮೂರ ಹೆಸರು ಗೊತ್ತು. ಮಂಗನ ಕಾಯಿಲೆಗೇ ಇಟ್ಟಿದಾರೆ.”

“ಊರಿನ ಬಗ್ಗೆ ಅಲ್ಲಪ್ಪ, ನಿನ್ನ ಬಗ್ಗೆ ಹೇಳು.”

“ನನ್ನ ಬಗ್ಗೆ ಇನ್ನೂ ಯಾರಿಗೂ ಗೊತ್ತಿಲ್ಲ. ಅದಕ್ಕೇ ಅಲ್ವಾ ಇಲ್ಲಿಗೆ ಬಂದಿರೋದು?”

ಎರಡನೆಯ ಪ್ರಶ್ನೆ, ‘ನಿಮ್ಮ ವೀಕ್‌ನೆಸ್ ಏನು?’ ತಾಳಗುಂದದ ಯುವಕ ಎದೆ ಉಬ್ಬಿಸಿ ನಿಂತ. “ಈಗ ಏನೂ ಇಲ್ರಿ ಮೇಡಂ. ಹೋದ ತಿಂಗಳು ಇತ್ತು. ಡಾಕ್ಟ್ರು ಒಂದು ಬಾಟ್ಲಿ ಗ್ಲೂಕೋಸ್ ಏರಿಸಿದ್ರು, ಹೋತು.”

ಅದು ಮೈಯ ನಿಶ್ಶಕ್ತಿ ಅಲ್ಲ, ಗುಣದಲ್ಲಿರುವ ಕೊರತೆ ಎಂದು ಬಿಡಿಸಿ ಹೇಳಿದೆ. ಅವನು ತಲೆ ಕೆರೆದುಕೊಂಡ. “ಅದನ್ನ ಕೆಲಸ ಕೊಡೋರ ಮುಂದೆ ನಾವೇ ಹೇಳ್ಬೇಕಾ? ಎತ್ತು ಮಾರೋನು ನಮ್ಮ ಎತ್ತು ಒದಿತೈತಿ ಅಂತ ಸಂತ್ಯಾಗೆ ಕೂಗ್ತಾನೇನ್ರಿ?”

ಮೇಲಿನ ಕಚೇರಿಯ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ನಾನು ಜಡೆಯ ಹುಡುಗಿಯತ್ತ ತಿರುಗಿದೆ. ಬಂದಾಗಿನಿಂದ ನಾಲ್ಕು ಮಾತು ಆಡಿರದವಳು. ಸುಲಭವಾಗಲಿ ಎಂದು, “ನಿನ್ನ ಸ್ಟ್ರೆಂತ್ ಬಗ್ಗೆ ಹೇಳು. ನಿನ್ನಲ್ಲಿ ಇರೋ ಶಕ್ತಿ, ಸಾಮರ್ಥ್ಯ” ಎಂದೆ.

ಅವಳು ಮೆಲ್ಲಗೆ, “ಹೆಚ್ಚಾಗಿದೆ ಮೇಡಂ” ಎಂದಳು.

ನನಗೆ ರೋಮಾಂಚನವಾಯಿತು. ‘ಆತ್ಮವಿಶ್ವಾಸ: ಅತ್ಯುತ್ತಮ’ ಎಂದು ಬರೆದು ಮೇಲಕ್ಕೆ ಕಳಿಸಿದೆ.

ಕಣ್ಣಲ್ಲಿ ಕಣ್ಣಿಟ್ಟು

ಮುಂದಿನ ವಾರದ ಪಾಠ, ಎದುರಿನವರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಮಾತಾಡುವುದು. ಹಿರಿಯರ ಮುಂದೆ ತಲೆ ತಗ್ಗಿಸಿ ನಿಲ್ಲುವುದನ್ನು ಇವರಿಗೆ ಮನೆಯಲ್ಲಿ ಹುಟ್ಟಿದಾಗಿನಿಂದ ಕಲಿಸಿರುತ್ತಾರೆ. ಅದನ್ನು ಒಂದು ಮಧ್ಯಾಹ್ನದಲ್ಲಿ ಬಿಡಿಸುವ ಜವಾಬ್ದಾರಿ ನನ್ನದು. ‘ದಿನಾ ಸಿಗುವವರ ಮೇಲೆ ಅಭ್ಯಾಸ ಮಾಡಿ’ ಎಂದು ಕಳಿಸಿದೆ.

ಮರುದಿನ ಕ್ಯಾಸನೂರಿನವನು ತಡವಾಗಿ, ಬೆವರು ಒರೆಸಿಕೊಳ್ಳುತ್ತಾ ಬಂದ. ಬಸ್ಸಿನಲ್ಲಿ ಅಭ್ಯಾಸಕ್ಕೆ ಸಿಕ್ಕವರು ಕಂಡಕ್ಟರ್. ಟಿಕೆಟ್ ಹರಿಯುವಾಗಿನಿಂದ ಚಿಲ್ಲರೆ ಕೊಡುವವರೆಗೆ ಇವನು ರೆಪ್ಪೆ ಬಡಿಯದೆ ನೋಡಿದ್ದಾನೆ.

“ಏನೋ, ಗುರಾಯಿಸ್ತೀಯಾ?”

“ಗುರಾಯಿಸ್ತಿಲ್ಲ ಸಾರ್. ಪರ್ಸನಾಲಿಟಿ ಡೆವಲಪ್ ಮಾಡ್ಕೊಳ್ತಿದೀನಿ.”

ಕಂಡಕ್ಟರ್ ಸೀಟಿ ಊದಿದರು. “ಇಳಿದು ಮಾಡ್ಕೊ ಹೋಗು. ಗಾಳಿ ಚೆನ್ನಾಗಿದೆ.”

ಬರ್ತೀನಿ

ತಾಳಗುಂದದವನನ್ನು ಶಿಕಾರಿಪುರದ ಒಂದು ವೆಲ್ಡಿಂಗ್ ವರ್ಕ್‌ಶಾಪಿಗೆ ಸಂದರ್ಶನಕ್ಕೆ ಕಳಿಸಿದ್ದೆ. ಮಾಲೀಕರನ್ನು ಊರೆಲ್ಲ ಭಾಯ್ ಎನ್ನುತ್ತಾರೆ. ಗೇಟು, ಕಿಟಕಿ ಸರಳು ಮಾಡುವುದರಲ್ಲಿ ಅಪ್ಪನ ಕಾಲದಿಂದ ಹೆಸರು ಮಾಡಿದ ಮನೆತನ. ಅವರಿಗೆ ಆಗ ಜನ ಬೇಕಾಗಿರಲಿಲ್ಲ. ಮುಖಕ್ಕೆ ಹೊಡೆದಂತೆ ಹೇಳಲಾರದೆ, “ಆಯ್ತಪ್ಪ, ನೋಡೋಣ” ಎಂದಿದ್ದಾರೆ. ನಮ್ಮ ಕಡೆ ‘ನೋಡೋಣ’ ಎಂದರೆ ಇನ್ನು ನೋಡುವುದೇನೂ ಉಳಿದಿಲ್ಲ ಎಂದರ್ಥ. ಇವನೂ ಮರ್ಯಾದೆಯಾಗಿ, “ಬರ್ತೀನ್ರಿ ಭಾಯ್” ಎಂದು ಎದ್ದು ಬಂದಿದ್ದಾನೆ. ಹೊರಟು ನಿಂತಾಗ ‘ಹೋಗ್ತೀನಿ’ ಎನ್ನುವವರು ನಮ್ಮಲ್ಲಿ ಯಾರೂ ಇಲ್ಲ.

ಮಾರನೆಯ ಬೆಳಿಗ್ಗೆ ಭಾಯ್ ಫೋನು.

“ಏನ್ ಮೇಡಂ, ನಿಮ್ಮ ಹುಡುಗ ಬಂದು ಶೆಟರ್ ಎತ್ತಿ ಕಸ ಗುಡಿಸ್ತಾ ಇದಾನೆ!”

“ನೀವು ಕರೆದಿರಲಿಲ್ವಾ?”

“ಇಲ್ಲ! ಯಾಕಪ್ಪ ಬಂದೆ ಅಂದ್ರೆ, ‘ನಾನು ಬರ್ತೀನಿ ಅಂದಿದ್ದೆ, ನೀವು ಆಯ್ತು ಅಂದಿದ್ರಿ’ ಅಂತಾನೆ. ಇಬ್ಬರೂ ಅಂದಿದ್ದು ನಿಜ. ನಾನೇನ್ ಮಾಡ್ಲಿ?”

ಏನೂ ಮಾಡಲಿಲ್ಲ. ಅವನು ಇವತ್ತಿಗೂ ಅಲ್ಲಿಗೇ ಹೋಗುತ್ತಾನೆ. ಈಗ ವೆಲ್ಡಿಂಗ್ ಕೂಡ ಮಾಡುತ್ತಾನೆ. ಅವನಿಗೆ ಕೆಲಸ ಕೊಡುವ ಬಗ್ಗೆ ಭಾಯ್ ಇನ್ನೂ ‘ನೋಡೋಣ’ ಎನ್ನುತ್ತಿದ್ದಾರೆ.

ಹೆಚ್ಚಾಗಿದೆ

ಇನ್ನು ಜಡೆಯ ಹುಡುಗಿಯ ಕತೆ. ಮಾವನ ಫೋನು ಬರಲು ಶುರುವಾಗಿತ್ತು. ಅಂತೂ ಶಿಕಾರಿಪುರದ ಒಂದು ದಿನಸಿ ಅಂಗಡಿಯಲ್ಲಿ ಒಂದು ತಿಂಗಳ ಮಟ್ಟಿಗೆ ನೋಡಲು ಒಪ್ಪಿದರು. ಹಳೆಯ ಅಂಗಡಿ, ಹೊಸ ಬೋರ್ಡು. ಅಪ್ಪ ಗಲ್ಲೆಯ ಹಿಂದೆ ಕೂತು ವಿಭೂತಿ ಹಚ್ಚಿಕೊಂಡು ವ್ಯಾಪಾರ ಮಾಡುತ್ತಿದ್ದ ಜಾಗದಲ್ಲಿ ಮಗ ಎಂ.ಬಿ.ಎ. ಮುಗಿಸಿ ಬಂದು ಕಂಪ್ಯೂಟರ್ ಇಟ್ಟು, ‘ಮಾರ್ಟ್’ ಎಂದು ಬರೆಸಿದ್ದ. ಅಪ್ಪನಿಗೆ ಈಗ ಮೂಲೆಯಲ್ಲಿ ಒಂದು ಕುರ್ಚಿ.

ಹುಡುಗಿ ಚುರುಕು. ಮೊದಲ ವಾರ ಒಂದೇ ದೂರು ಬಂತು. ಅಂಗಡಿ ಮುಚ್ಚುವ ಹೊತ್ತಿಗೆ ದಿನಾ, “ಲೈಟು ದೊಡ್ಡದು ಮಾಡ್ಲಾ ಸಾರ್?” ಎಂದು ಕೇಳುತ್ತಾಳಂತೆ. “ಬೇಡಮ್ಮ, ಕರೆಂಟ್ ಬಿಲ್ ಬರುತ್ತೆ” ಎಂದು ಮಗನೇ ಎದ್ದು ಹೋಗಿ ಆರಿಸುತ್ತಿದ್ದನಂತೆ.

ಆಮೇಲೆ ದೀಪಾವಳಿ ಹತ್ತಿರ ಬಂತು. ಮಗ ಕಂಪ್ಯೂಟರಿನ ಮುಂದೆ ಕೂತು, ಗೋದಾಮಿನಲ್ಲಿದ್ದ ಇವಳನ್ನು ಕೂಗಿ ಕೇಳಿದ್ದಾನೆ.

“ಅಕ್ಕಿ ಹೆಂಗಿದೆ?”

“ಹೆಚ್ಚಾಗಿದೆ ಸಾರ್.”

“ದೀಪದ ಎಣ್ಣೆ?”

“ಹೆಚ್ಚಾಗಿದೆ ಸಾರ್.”

“ಕುಂಕುಮ, ಅರಿಶಿನ?”

“ಅವಂತೂ ಪೂರ್ತಿ ಹೆಚ್ಚಾಗಿದೆ ಸಾರ್.”

ಇವನು ‘ಸರಿ’ ಎಂದು, ದಾವಣಗೆರೆಯ ಸಗಟು ವ್ಯಾಪಾರಿಗೆ ಫೋನು ಮಾಡಿ ಎಲ್ಲದಕ್ಕೂ ‘ಬೇಡ’ ಎಂದ. ಹಬ್ಬಕ್ಕೆ ಸಾಮಾನು ಕಟ್ಟಿಸಲು ಜನ ಬಂದು ನಿಂತಾಗ ಗೋದಾಮಿನಲ್ಲಿ ಇದ್ದದ್ದು ಪೊರಕೆ ಮತ್ತು ನೂಡಲ್ಸ್.

ನನ್ನನ್ನು ಕರೆಸಿದರು. ಮಗ ಕೆಂಪಗಾಗಿದ್ದ. ಹುಡುಗಿ ಬಿಳಿಚಿಕೊಂಡಿದ್ದಳು. ಮೂಲೆಯ ಕುರ್ಚಿಯಲ್ಲಿ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ಲೇ ತಮ್ಮಾ, ಅಕ್ಕಿ, ಎಣ್ಣೆ, ಕುಂಕುಮ ಖಾಲಿ ಆದ್ರ ‘ಇಲ್ಲ’ ಅನ್ನಬಾರದು, ‘ಮುಗೀತು’ ಅನ್ನಬಾರದು. ‘ಹೆಚ್ಚಾಗೈತಿ’ ಅನ್ನಬೇಕು. ದೀಪ ಆರಿಸು ಅನ್ನಬಾರದು, ‘ದೊಡ್ಡದು ಮಾಡು’ ಅನ್ನಬೇಕು. ನಿಮ್ಮಜ್ಜಿ ಹಿಂಗೇ ಅಂತಿದ್ಲು.”

“ನೀವು ಕೇಳಿಸ್ಕೊಂಡಿದ್ರಲ್ಲ ಅಪ್ಪಾಜಿ, ಆವಾಗ್ಲೇ ಹೇಳ್ಬಾರ್ದಿತ್ತಾ?”

“ನೀನು ‘ಸರಿ’ ಅಂದೆ. ತಿಳೀತು ಅನ್ಕೊಂಡೆ.”

ನಾನು ನಗಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಮಾತು ಓಡುತ್ತಿತ್ತು: ‘ನಿನ್ನ ಸ್ಟ್ರೆಂತ್ ಬಗ್ಗೆ ಹೇಳು.’ ‘ಹೆಚ್ಚಾಗಿದೆ ಮೇಡಂ.’

ಆನೆ ಇದೆಯಾ?

ಮಗ ಒಂದು ವಾರ ಗಡುವು ಕೊಟ್ಟ. ಅಷ್ಟರೊಳಗೆ ‘ಇಲ್ಲ’ ಎನ್ನಲು ಕಲಿತರೆ ಕೆಲಸ ಕಾಯಂ, ಕಲಿಯದಿದ್ದರೆ ಜಡೆ ಬಸ್ಸು. ಒಬ್ಬಳಿಗೆ ಒಂದೇ ಒಂದು ಪದ ಕಲಿಸಲು ವಿಶ್ವವಿದ್ಯಾಲಯ ನನ್ನನ್ನು ತಯಾರು ಮಾಡಿರಲಿಲ್ಲ.

“ಅಕ್ಕಿ ಇದೆಯಾ?” ಎಂದು ಗಿರಾಕಿಯಂತೆ ಕೇಳಿದೆ.

“ಹೆ…”

“ಇಲ್ಲ ಅನ್ನು.”

“ಅಜ್ಜಿ ಬೈತಾರೆ ಮೇಡಂ. ಮನೇಲಿ ಇಲ್ಲ ಇಲ್ಲ ಅಂದ್ರೆ ನಿಜವಾಗ್ಲೂ ಇಲ್ದಂಗೆ ಆಗುತ್ತಂತೆ.”

“ಇದು ಮನೆ ಅಲ್ವಲ್ಲ, ಅಂಗಡಿ.”

“ಅಂಗಡೀಲಿ ಇಲ್ದಂಗೆ ಆದ್ರೆ ಇನ್ನೂ ಕಷ್ಟ ಅಲ್ವಾ?”

ಆ ದಾರಿ ಬಿಟ್ಟೆ. “ಸರಿ, ಆನೆ ಇದೆಯಾ?”

ಅವಳು ನಕ್ಕಳು. “ಇಲ್ಲ.”

“ವಿಮಾನ?”

“ಇಲ್ಲ.”

ಆನೆಯಿಂದ ವಿಮಾನಕ್ಕೆ, ವಿಮಾನದಿಂದ ಶಾಂಪೂಗೆ, ಶಾಂಪೂವಿನಿಂದ ಸಾಬೂನಿಗೆ ಬಂದೆವು. ಬೇಳೆಯ ಹತ್ತಿರ ಒಂದು ಇಡೀ ದಿನ ನಿಂತೆವು. ಬರೀ ‘ಇಲ್ಲ’ ಎಂದರೆ ನಾಲಿಗೆ ಸುಡುತ್ತದೆ ಎಂದಳು. ಕೊನೆಗೆ ಅಂಗಡಿಯ ಮಗನೇ ಉಪಾಯ ಹೇಳಿದ. ‘ಇಲ್ಲ’ದ ಬಾಲಕ್ಕೆ ಒಂದು ಒಳ್ಳೆಯ ಮಾತು ಕಟ್ಟುವುದು: ‘ಇಲ್ಲ. ಸೋಮವಾರ ವಿಚಾರಿಸಿ.’ ಅದು ಅವಳಿಗೆ ಒಗ್ಗಿತು. ಒಂದೇ ಉಸಿರಿನಲ್ಲಿ, ಮಂತ್ರದಂತೆ, ಅಕ್ಕಿಗೂ ಹೇಳಿದಳು, ಕುಂಕುಮಕ್ಕೂ ಹೇಳಿದಳು.

ಗಡುವು ಮುಗಿಯುವ ದಿನ ಶನಿವಾರ. ಫಲಿತಾಂಶ ತಿಳಿಯಲು ನಾನು ಅಂಗಡಿಗೆ ಹೋದರೆ, ಎದುರಿನಿಂದ ಸೋದರಮಾವ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಯಾರೋ ದೀಪಾವಳಿಯ ಕತೆ ಜಡೆಯವರೆಗೂ ಮುಟ್ಟಿಸಿದ್ದರು. ಸೀದಾ ಕೌಂಟರಿಗೆ ಹೋಗಿ ಗಿರಾಕಿಗಳ ಸಾಲಿನ ಮುಂದೆ ನಿಂತ.

“ಕೆಲಸ ಹೋಯ್ತಂತೆ. ಇರ್ಲಿ ಬಿಡು. ನಾಳೆ ಗಂಡಿನ ಕಡೆಯವರು ನೋಡೋಕೆ ಬರ್ತಾರೆ. ಬಸ್ಸಿಗೆ ಹೊತ್ತಾಯ್ತು, ಚೀಲ ತಗೊ. ಬರ್ತೀಯಾ?”

ಹುಡುಗಿ ತಲೆ ಎತ್ತಿದಳು. ಕಣ್ಣಲ್ಲಿ ಕಣ್ಣಿಟ್ಟಳು. ಆ ಪಾಠ ಒಬ್ಬರಿಗಾದರೂ ಹತ್ತಿತ್ತು.

“ಇಲ್ಲ. ಸೋಮವಾರ ವಿಚಾರಿಸಿ.”

ಮಾವ ಅವಳನ್ನು ನೋಡಿದ, ಆಮೇಲೆ ನನ್ನನ್ನು. ನಾನು ನೂಡಲ್ಸಿನ ಬೆಲೆ ಓದತೊಡಗಿದೆ.

ಮಗ ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದ: “ಕೆಲಸ ಹೋಗಿಲ್ಲ ಸಾರ್. ಇವತ್ತಿಂದ ಕಾಯಂ. ಸೋಮವಾರ ಬಂದ್ರೂ ಅವಳು ಅದನ್ನೇ ಹೇಳ್ತಾಳೆ, ನಾವೇ ಕಲಿಸಿದ್ದು.”

ಮಾವ ಮಾತಿಗೆ ತಪ್ಪುವ ಮನುಷ್ಯನಲ್ಲ. ಕೆಲಸ ಗಟ್ಟಿಯಾದರೆ ಮದುವೆ ಮಾತು ಎತ್ತುವುದಿಲ್ಲ ಎಂದಿದ್ದ. ಎತ್ತಲಿಲ್ಲ. ಕೌಂಟರಿಗೆ ಮೊಣಕೈ ಊರಿ, ಟವಲಿನಿಂದ ಮುಖ ಒರೆಸಿಕೊಂಡ. ಅವನ ಕಷ್ಟ ಈಗ ಬೇರೆಯದಾಗಿತ್ತು.

“ಅಲ್ಲ ಕಣೆ, ನಾಳೆ ಅವರು ಮನೆ ಬಾಗಿಲಿಗೆ ಬಂದು ನಿಲ್ತಾರೆ. ಶುಭ ಕಾರ್ಯಕ್ಕೆ ಬಂದೋರಿಗೆ ‘ಹುಡುಗಿ ಇಲ್ಲ’ ಅಂತ ಹೆಂಗೆ ಹೇಳ್ಲಿ? ನಿಮ್ಮಜ್ಜಿ ನನ್ನನ್ನ ಬಿಟ್ಟಾಳಾ?”

ಹುಡುಗಿ ಅವನಿಗೆಂದು ಸಕ್ಕರೆ ಕಟ್ಟುತ್ತಿದ್ದಳು. ದಾರ ಸುತ್ತಿ, ಗಂಟು ಹಾಕಿ, ಪೊಟ್ಟಣ ಮುಂದಕ್ಕೆ ತಳ್ಳಿದಳು.

“ಇಲ್ಲ ಅನ್ನಬೇಡಿ ಮಾವ. ‘ಹೆಚ್ಚಾಗಿದಾಳೆ’ ಅನ್ನಿ.”