ನಿಂಬೆಗಿಡಕ್ಕೆ ನಾನು ಕೊಟ್ಟ ಟಾನಿಕ್

ಆ ಶನಿವಾರ ಬೆಳಿಗ್ಗೆ ನಾನೊಂದು ಘನಘೋರ ಪ್ರತಿಜ್ಞೆ ಮಾಡಿದೆ. ಇನ್ನು ಮೇಲೆ ನಮ್ಮ ಮನೆಯ ಒಂದು ಚಿಟಿಕೆ ಬೂದಿಯೂ ಕಸದ ಗಾಡಿಗೆ ಹೋಗಕೂಡದು! ಎಲ್ಲವೂ ಗಿಡಗಳಿಗೇ!

ಶ್ರೀರಾಂಪುರದ ನಮ್ಮ ಮನೆಗೆ ಸೋಲಾರ್ ಇದೆ. ಆದರೂ ಎಣ್ಣೆಸ್ನಾನಕ್ಕೆ ಮಾತ್ರ ನನಗೆ ತೆಂಗಿನ ಮಟ್ಟೆ ಉರಿಸಿ ಕಾಯಿಸಿದ ಹಂಡೆಯ ನೀರೇ ಆಗಬೇಕು. ನೀರು ಕಾದಿತ್ತು. ಒಲೆ ಆರಿತ್ತು, ಅಂದರೆ ಆರಿದೆ ಎಂದು ನಾನು ತಿಳಿದಿದ್ದೆ. ಮೈಗೆಲ್ಲ ಎಣ್ಣೆ ಬಳಿದುಕೊಂಡು, ಅದು ನೆನೆಯಲೆಂದು ತುಂಡುಪಂಚೆಯಲ್ಲಿ ಕೂತು ಮೊಬೈಲಿನಲ್ಲಿ ತೋಟಗಾರಿಕೆಯ ವಿಡಿಯೊ ನೋಡಿದೆ. ಬೂದಿಯಲ್ಲಿ ಪೊಟ್ಯಾಷ್ ಇದೆಯಂತೆ! 'ಈಗ ಕೆಲವು ಎಚ್ಚರಿಕೆಗಳು' ಎಂದು ಆತ ಶುರುಮಾಡಿದ ಕೂಡಲೇ ವಿಡಿಯೊ ನಿಲ್ಲಿಸಿ ಎದ್ದೆ. ಎಚ್ಚರಿಕೆಯೆಲ್ಲ ಕೈಲಾಗದವರಿಗೆ!

ಹಿತ್ತಲಿನ ನಿಂಬೆಗಿಡ ನನ್ನ ಹೆಂಡತಿ ಚೂಡಾಮಣಿಯ ಪ್ರಾಣ. ಅವಳ ಅಮ್ಮ ಕೊನೆಯ ಸಲ ಬಂದಾಗ ನೆಟ್ಟುಹೋದದ್ದು. ಆರು ವರ್ಷ ಕಾಯಿಸಿ ಈ ಸಲ ಕಾಯಿಬಿಟ್ಟಿತ್ತು.

"ಏನ್ರೀ ಅದು ಬಾಂಡ್ಲೀಲಿ?"

"ಬೂದಿ. ನಿನ್ನ ಗಿಡಕ್ಕೆ ಟಾನಿಕ್!"

"ಆರಿದೆಯಾ?"

"ಬೆರಳಿಟ್ಟು ನೋಡಿದೀನಿ ಕಣೇ. ತಣ್ಣಗಿದೆ!"

ಬೆರಳಿಟ್ಟದ್ದು ಮೇಲ್ಗಡೆ. ತಳದಲ್ಲಿ ಏನಿದೆ ಎಂದು ಯಾರು ನೋಡಿದರು! ಬುಡದಲ್ಲಿ ತೇವ ನಿಲ್ಲಲೆಂದು ಅವಳು ತೆಂಗಿನ ನಾರು, ಒಣ ಎಲೆ ಹರಡಿದ್ದಳು. ಅದರ ಮೇಲೆ ಬಾಂಡ್ಲಿಯನ್ನು ಪೂರ್ತಿ ಸುರಿದು, ಕಾಂಡಕ್ಕೆ ಒತ್ತಿ ಗುಡ್ಡೆ ಮಾಡಿ ಸ್ನಾನಕ್ಕೆ ನಡೆದೆ.

ಹಂಡೆಗೆ ಚೊಂಬು ಅದ್ದುವಷ್ಟರಲ್ಲಿ ಪಕ್ಕದ ಮನೆಯ ಮಾದೇವಮ್ಮನ ದನಿ ಕಾಂಪೌಂಡ್ ದಾಟಿ ಬಂತು.

"ಚೂಡಾಮಣವ್ವಾ! ನಿಮ್ ನಿಂಬೆಗಿಡ ಬೀಡಿ ಸೇದ್ತಾ ನಿಂತದೆ ಕಣವ್ವಾ!"

ಓಡಿದೆ. ನಾರು ಹೊತ್ತಿಕೊಂಡಿತ್ತು! ನೀರು! ನೀರೆಲ್ಲಿ? ನನಗೆ ನೆನಪಾದದ್ದು ಹಂಡೆಯೊಂದೇ. ಬಕೆಟ್ಟಿನಲ್ಲಿ ಮೊಗೆದು ತಂದು ಸುರಿದೆ. ಎರಡನೆಯದು ಎಣ್ಣೆಗೈಯಿಂದ ಜಾರಿ ಅಂಗಳದ ಪಾಲಾಯಿತು. ಹಂಡೆಯ ತಳ ಬಳಿದು ಮೂರನೆಯದನ್ನು ಸುರಿಯುವಾಗ ಚೂಡಾಮಣಿ ಕಿರುಚಿದಳು.

"ರೀ! ಅದು ಕುದಿಯೋ ನೀರು! ಸುಟ್ಟಿದ್ದು ಸಾಲ್ದು ಅಂತ ಬೇಯಿಸ್ತಾ ಇದೀರಾ?"

ಅಷ್ಟರಲ್ಲಿ ಮಾದೇವಮ್ಮ ಗುದ್ದಲಿ ಹಿಡಿದು ಬಂದರು. ಗುಡ್ಡೆಯನ್ನು ದೂರಕ್ಕೆ ಎಳೆದು, ನಲ್ಲಿಯ ಪೈಪ್ ಬಿಟ್ಟರು. ಪೈಪ್! ಅದು ನನ್ನ ಕಾಲಡಿಯಲ್ಲೇ ಬಿದ್ದಿತ್ತು.

"ಬೂದಿಯ ತಗಡಿನ ಡಬ್ಬದಲ್ಲಿ ಮುಚ್ಚಿ ನಾಕ್ ದಿನ ಮಡಗ್ಬೇಕು ಸ್ವಾಮೇರೆ. ಆಮೇಕೆ ಒಂದಿಡಿ ತಕ್ಕಂಡು ಬುಡ ಬುಟ್ಟು ದೂರಕ್ಕೆ ಎರಚ್ಬೇಕು. ನೀವೇನು ಗಿಡಕ್ಕೆ ಅನ್ನ ಇಕ್ತಿದ್ರೋ, ಸಮಾಧಿ ಕಟ್ತಿದ್ರೋ?"

"ಗಿಡ ಉಳಿಯುತ್ತಾ ಮಾದೇವಮ್ಮ?" ಚೂಡಾಮಣಿಯ ಕಣ್ಣಲ್ಲಿ ನೀರಿತ್ತು. ಹೊಗೆಗೆ ಬಂದದ್ದಲ್ಲ. ನನಗೆ ನೆಲ ಬಿರಿದು ಬಾಯಿಬಿಡಬಾರದೇ ಅನ್ನಿಸಿತು.

ಮಾದೇವಮ್ಮ ಉಗುರಿನಿಂದ ತೊಗಟೆ ಕೆರೆದು ನೋಡಿದರು. "ಒಳ್ಗೆ ಅಸ್ರಾಗದೆ. ಒಂದ್ ಕಡೆ ಎಲೆ ಉದುರ್ತದೆ, ಅಷ್ಟೇಯ. ಉಳ್ಕತದೆ ಬುಡವ್ವಾ."

ಹೋದ ಜೀವ ಬಂತು. ಆಗಲೇ ನನಗೆ ನನ್ನ ಅವತಾರ ಕಂಡದ್ದು. ಎಣ್ಣೆ ಮೈಗೆ ನಖಶಿಖಾಂತ ಬೂದಿ ಮೆತ್ತಿತ್ತು. ಡಿಸೆಂಬರಿನ ಚಳಿಗಾಳಿ ಬೇರೆ! ಹಂಡೆ ಖಾಲಿ. ಮೋಡ ಮುಚ್ಚಿ ಸೋಲಾರೂ ಕೈಕೊಟ್ಟಿತ್ತು.

"ಚೂಡಾ, ಇನ್ನೊಂದೇ ಒಂದು ಸಲ ಒಲೆ ಹೊತ್ತಿಸ್ಲಾ?"

"ಹೊತ್ತಿಸಿ ನೋಡಿ! ಒಲೆ ಉರಿದ್ರೆ ಬೂದಿ ಆಗುತ್ತೆ. ಬೂದಿ ಆದ್ರೆ ನೀವು ಹಿತ್ತಲಿಗೆ ಬರ್ತೀರಿ!" ಎಂದವಳೇ ಆ ಪೈಪನ್ನು ಗಿಡದ ಬುಡದಿಂದ ಎತ್ತಿ ನನ್ನ ನೆತ್ತಿಗೆ ಹಿಡಿದಳು!